ಉಪ್ಪು ಸುರಿಯುವ ಮುನ್ನ ಚಿಪ್ಪು ನೋಡಿ

ಮಳೆ ಬಿದ್ದ ಮರುದಿನ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅಡುಗೆಮನೆಯ ಉಪ್ಪೆಲ್ಲ ಕಾಂಪೌಂಡಿಗೆ ಬರುತ್ತದೆ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆ ಆಂಟಿಯ ಉಪ್ಪಿಗೆ ನೊರೆ ಕಾರಿ ಸತ್ತವನ್ನು ಎಣಿಸಿದೆ. ಹನ್ನೊಂದು. ನಾಲ್ಕು ಆಫ್ರಿಕದವು, ಏಳು ಇಲ್ಲಿಯವೇ. "ಎಲ್ಲಾ ಬಸವನಹುಳುನೇ ಅಲ್ವೇನಮ್ಮ?" ಎಂದರು.

ಬಸವನಹುಳುಗಳೇ, ಆದರೆ ಎಲ್ಲವೂ ಒಂದೇ ಅಲ್ಲ ಆಂಟಿ. ಆಫ್ರಿಕದ ದೈತ್ಯ ಹುಳು ತಾನಾಗಿ ಬಂದದ್ದಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುತಜ್ಞ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟದಲ್ಲಿ ಬಿಟ್ಟ. (ಈ ಪಾಪದಲ್ಲಿ ನಮ್ಮ ಸಂಶೋಧಕರ ಕುಲಕ್ಕೂ ಪಾಲಿದೆ.) ಅದರ ಚಿಪ್ಪು ಉದ್ದ, ತುದಿ ಚೂಪು, ಮೈಮೇಲೆ ಕಂದು ಪಟ್ಟೆ. ನಮ್ಮ ಕ್ರಿಪ್ಟೋಝೋನಾದ್ದು ಚಪ್ಪಟೆ, ದುಂಡು. ಅದೂ ಸೊಪ್ಪು ತಿನ್ನುತ್ತದೆ, ಸುಳ್ಳು ಹೇಳಲಾರೆ. ಆದರೆ ಜ್ಞಾನಭಾರತಿಯಲ್ಲಿ ತರಗೆಲೆ ಇನ್ನೂ ಉಳಿದಿರುವ ಮರಗಳಡಿ ಕೆದಕಿ ನೋಡಿ, ಸಾಸಿವೆ ಕಾಳಿನಷ್ಟೇ ಇರುವ ಚಿಪ್ಪುಗಳು ಸಿಗುತ್ತವೆ. ಅವು ಯಾರ ದಾಸವಾಳವನ್ನೂ ಮುಟ್ಟುವುದಿಲ್ಲ. ಕೊಳೆತ ಎಲೆ, ಬೂಷ್ಟು ತಿಂದು ಮಣ್ಣು ಮಾಡುತ್ತವೆ.

ಆಫ್ರಿಕದ ಹುಳುವಿನ ಪರ ನನ್ನ ವಕಾಲತ್ತಿಲ್ಲ. ಒಂದು ಸಲಕ್ಕೆ ನೂರಾರು ಮೊಟ್ಟೆಯಿಡುತ್ತದೆ. ಮಿದುಳಿನ ಪೊರೆಗೆ ಉರಿಯೂತ ತರುವ ಪರಾವಲಂಬಿ ಹುಳವನ್ನೂ ಹೊತ್ತಿರಬಲ್ಲದು. ಸಂಜೆ ಒದ್ದೆ ಗೋಣಿಚೀಲದಡಿ ಎಲೆಕೋಸಿನ ಎಲೆ ಇಡಿ, ಬೆಳಗ್ಗೆ ಗ್ಲೌಸ್ ಹಾಕಿ ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಕೈಯಲ್ಲಿ ಆರಿಸುವವರಿಗೆ ಚಿಪ್ಪು ಕಾಣುತ್ತದೆ. ಎರಚಿದ ಮೆಟಾಲ್ಡಿಹೈಡ್ ಗುಳಿಗೆಗೆ ಯಾವ ಚಿಪ್ಪೂ ಕಾಣುವುದಿಲ್ಲ.

ಪೆಸಿಫಿಕ್‌ನ ಮೂರಿಯಾ ದ್ವೀಪದಲ್ಲಿ ಇದೇ ಆಫ್ರಿಕದ ಹುಳುವನ್ನು ಹಿಡಿಯಲೆಂದು 1977ರಲ್ಲಿ ಬೇಟೆಗಾರ ಬಸವನಹುಳುವೊಂದನ್ನು ತಂದು ಬಿಟ್ಟರು. ಹತ್ತೇ ವರ್ಷದಲ್ಲಿ ಅದು ದ್ವೀಪದ ಸ್ವಂತದ ಪಾರ್ಟುಲಾಗಳನ್ನು ಹೆಚ್ಚುಕಡಿಮೆ ತಿಂದು ಮುಗಿಸಿತು. ಆಫ್ರಿಕದ್ದು ಅಳಿಯಲಿಲ್ಲ.

ನಮ್ಮಲ್ಲಿ ಆ ಕೆಲಸವನ್ನು ಪೊರಕೆ, ಬೆಂಕಿಕಡ್ಡಿ ಮಾಡುತ್ತಿವೆ. ನಾನು ಮಾದರಿ ಸಂಗ್ರಹಿಸುತ್ತಿದ್ದ ವಿಜಯನಗರದ ಪಾರ್ಕೊಂದರಲ್ಲಿ ತರಗೆಲೆ ಗುಡಿಸಿ ಸುಟ್ಟರು, ಮರದ ಬುಡದವರೆಗೂ ಟೈಲ್ಸ್ ಹಾಕಿದರು. ಸಣ್ಣ ಚಿಪ್ಪಿನವು ಮತ್ತೆ ಸಿಗಲಿಲ್ಲ. ಪಕ್ಕದ ಖಾಲಿ ಸೈಟಿನ ಕಸದಲ್ಲಿ ಆಫ್ರಿಕದವು ಸುಖವಾಗಿವೆ. ಇದಕ್ಕೆ ಪಾರ್ಕ್ ಅಭಿವೃದ್ಧಿ ಎಂದು ಬೋರ್ಡು ಬೇರೆ!

ಮರ ಕಡಿಯುವಾಗಲಾದರೂ ಮರ ಎಣಿಸುತ್ತಾರೆ. ಟೈಲ್ಸ್ ಹಾಕುವ ಮುನ್ನ ಬುಡದ ಎಲೆ ಸರಿಸಿ ನೋಡಿದವರನ್ನು ನಾನಂತೂ ಕಂಡಿಲ್ಲ. ಪ್ರತಿ ಪಾರ್ಕಿನಲ್ಲೂ ನಾಲ್ಕು ಮರದ ನೆರಳನ್ನಾದರೂ ಗುಡಿಸದೆ ಬಿಡಿ, ಅಲ್ಲಿ ಗುಳಿಗೆ ಎರಚಬೇಡಿ. ಇದಕ್ಕೆ ಟೆಂಡರ್ ಬೇಕಿಲ್ಲ, ಬಹುಶಃ ಅದಕ್ಕೇ ಆಗುತ್ತಿಲ್ಲ.