ಅಟ್ಟದ ಕೊಬ್ಬರಿ, ಬೋರ್ಡೋ ವೈನು

ತೆಂಗಿನ ಸುಳಿ ಕೊಳೆಗೆ ಹಾಕುವ ಬೋರ್ಡೋ ದ್ರಾವಣ ಹಂದನಕೆರೆ ಹೋಬಳಿಯ ರೈತ ಬಾಂಧವರಿಗೆ ಹೊಸದಲ್ಲ. ಅದು ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಅದೇ ಸೀಮೆಯ ಹೆಸರಾಂತ ವೈನನ್ನು ಹಣವಂತರು ಹತ್ತಿಪ್ಪತ್ತು ವರ್ಷ ನೆಲಮಾಳಿಗೆಯಲ್ಲಿಟ್ಟು ಮಾರುತ್ತಾರೆ. ಒಂದು ವರ್ಷದ ಸೀಸೆಗಳು ಇಷ್ಟೇ. ಕುಡಿದಷ್ಟೂ ಕಡಿಮೆಯಾಗಿ ಉಳಿದವುಗಳ ಬೆಲೆ ಏರುತ್ತದೆ. (ಅಲ್ಲಿಯೂ ಬೆಲೆ ಬಿದ್ದು ಕೈ ಸುಟ್ಟುಕೊಂಡವರುಂಟು.)

ಅಟ್ಟದ ಉಂಡೆ ಕೊಬ್ಬರಿಗೂ ಇದೇ ಲೆಕ್ಕ ಹಾಕುವವರು ನಮ್ಮಲ್ಲಿದ್ದಾರೆ. ಈ ಲೆಕ್ಕ ತಪ್ಪೆಂದು ನನ್ನ ಅಭಿಪ್ರಾಯ. ಹತ್ತು-ಹನ್ನೊಂದು ತಿಂಗಳಲ್ಲಿ ನೀರು ಇಂಗಿ, ಅಲ್ಲಾಡಿಸಿದಾಗ ಒಳಗೆ ಗಿಟುಕು ಸದ್ದು ಮಾಡಿತೆಂದರೆ ಅಟ್ಟದ ಕೆಲಸ ಮುಗಿಯಿತು. ಆಮೇಲೆ ಗುಣ ಏರುವುದಿಲ್ಲ. ಹುಳು, ಇಲಿ, ಕಮಟು ಕಾದಿರುತ್ತವೆ. ಹಿಂದೆಯೇ ಹೊಸ ಕಾಯಿ ಅಟ್ಟ ಏರುತ್ತದೆ.

2023ರಲ್ಲಿ ಕ್ವಿಂಟಾಲಿಗೆ 11,750 ರೂ. ಬೆಂಬಲ ಬೆಲೆಯಿದ್ದರೂ ತಿಪಟೂರಿನ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ 20,000 ದಾಟಿತು. ಆದರೆ ಆಗ ಅನೇಕರ ಅಟ್ಟ ಖಾಲಿ. ಬರ, ನುಸಿ, ಬಿಳಿನೊಣ ಇಳುವರಿ ತಗ್ಗಿಸಿದ್ದವು, ಎಳನೀರಿಗೂ ಕಾಯಿ ಹೋಗಿತ್ತು. ಮಾಲಿಲ್ಲದವನಿಗೆ ಅಭಾವದ ಬೆಲೆಯಿಂದ ಬಂದದ್ದೇನು?

ಆದ್ದರಿಂದ ಒಣಗಿದ ಮಾಲನ್ನು ಒಂದೇ ಸಲ ಸುರಿಯದೆ, ಕಾಯುತ್ತಲೂ ಕೂರದೆ, ಮೂರು ನಾಲ್ಕು ಕಂತುಗಳಲ್ಲಿ ಮಾರುವುದು ಲೇಸು. ಬಡ್ಡಿ ಕಟ್ಟುತ್ತಿರುವವರು ಮೊದಲ ಕಂತನ್ನು ಬೇಗ ಬಿಡಲಿ. ಖರೀದಿ ಕೇಂದ್ರ ತೆರೆದ ದಿನ ಓಡಾಡುವುದಕ್ಕಿಂತ, ಪಹಣಿಯಲ್ಲಿ ತೆಂಗು ಬೆಳೆ ನಮೂದಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿರಿ.