ನಗರದಲ್ಲಿ ಬೇರುಬಿಟ್ಟ ಮೆನೊನೈಟ್ ಸಭೆ

ಮೆನೊನೈಟ್ ಎಂಬ ಕ್ರೈಸ್ತ ಪಂಥವು ಮೂಲತಃ ಬೇಸಾಯಗಾರರದು, ನಗರದ ಸಣ್ಣ ಸಭೆಗಳು ತಡವಾಗಿ ಚಿಗುರಿದ ಸತ್ವಹೀನ ಕವಲುಗಳು ಎಂದು ಪ್ರಕಟಿತ ಲೇಖನವೊಂದು ಮಂಡಿಸಿರುವ ವಾದವು ಚರಿತ್ರೆಯನ್ನು ತಲೆಕೆಳಗು ಮಾಡುತ್ತದೆ. ತಿಳಿದು ನಂಬಿದ ವಯಸ್ಕರ ದೀಕ್ಷಾಸ್ನಾನವನ್ನಷ್ಟೇ ಮಾನ್ಯ ಮಾಡುವ, ಶಸ್ತ್ರ ಹಿಡಿಯಲೊಪ್ಪದ ಈ ಪರಂಪರೆಯ ಒಂದು ಮುಖ್ಯ ಬೇರು 1525ರ ಜ್ಯೂರಿಕ್ ನಗರದಲ್ಲಿದ್ದು, ಅಲ್ಲಿನ ಅನುಯಾಯಿಗಳನ್ನು ಹಳ್ಳಿಗಳಿಗೆ ಅಟ್ಟಿದ್ದು ಆಳುವವರ ಕಿರುಕುಳವೇ ಹೊರತು ಧರ್ಮತತ್ತ್ವವಲ್ಲ. ಈಗ ಫಿಲಡೆಲ್ಫಿಯಾ ನಗರದ ಭಾಗವಾಗಿರುವ ಜರ್ಮನ್‌ಟೌನ್‌ನ ಸಭೆಯನ್ನೇ ನೋಡಬಹುದು: 1683ರಲ್ಲಿ ಸ್ಥಾಪನೆಗೊಂಡ ಆ ವಸಾಹತಿನ ಮೊದಲಿಗರಲ್ಲಿ ಅನೇಕರು ನೇಕಾರರಾಗಿದ್ದರು, ಸಭೆಯ ಮೊದಲ ಬೋಧಕನಾದ ವಿಲಿಯಂ ರಿಟನ್‌ಹೌಸ್, ಬ್ರಿಟಿಷರ ಅಧೀನದಲ್ಲಿದ್ದ ಉತ್ತರ ಅಮೆರಿಕದ ಮೊದಲ ಕಾಗದದ ಕಾರ್ಖಾನೆಯನ್ನು 1690ರಲ್ಲಿ ಆರಂಭಿಸಿದವನು. 1708ರ ಮರದ ದಿಮ್ಮಿಗಳ ಪ್ರಾರ್ಥನಾಗೃಹದ ಬದಲಿಗೆ 1770ರಲ್ಲಿ ಕಟ್ಟಿದ ಕಲ್ಲಿನ ಕಟ್ಟಡ ಇಂದಿಗೂ ಉಳಿದಿದೆ. ಗುಲಾಮಗಿರಿಯ ವಿರುದ್ಧ 1688ರಲ್ಲಿ ಇದೇ ಊರಿನಿಂದ ಹೊರಟ ಮನವಿಗೆ ಸಹಿ ಹಾಕಿದವರು ಕ್ವೇಕರರು, ಅಂದರೆ ಇನ್ನೊಂದು ಶಾಂತಿವಾದಿ ಪಂಥದವರು. ಅವರಲ್ಲಿ ಕೆಲವರ ಹಿನ್ನೆಲೆ ಮೆನೊನೈಟ್ ಆಗಿದ್ದರೂ ಅದರ ಕೀರ್ತಿಯನ್ನು ಸಭೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ, ಹಾಗೆ ಬರೆಯದೆಯೂ ಸಭೆಯ ಮಹತ್ವ ಕುಗ್ಗುವುದಿಲ್ಲ. ಸಲಿಂಗಿಗಳನ್ನು ಸದಸ್ಯರನ್ನಾಗಿ ಸ್ವೀಕರಿಸಿದ ಕಾರಣಕ್ಕೆ 1997ರಲ್ಲಿ ಫ್ರಾಂಕೋನಿಯಾ ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಒಕ್ಕೂಟವು ತನ್ನನ್ನು ಹೊರಹಾಕಿದಾಗಲೂ ಈ ಸಭೆ ತನ್ನ ನಿರ್ಧಾರವನ್ನು ಬಿಟ್ಟುಕೊಡಲಿಲ್ಲ. ಇಂಥ ಸಭೆಯನ್ನು ಸತ್ವಹೀನವೆನ್ನಲು ಆ ಲೇಖನವು ಯಾವ ಆಧಾರವನ್ನೂ ಒದಗಿಸಿಲ್ಲ.