ಸುಲ್ತಾನನ ಸಹನೆ, ರೈತನ ತೆರಿಗೆ

ಹಲವು ಮತ, ಹಲವು ಭಾಷೆಗಳ ಜನರನ್ನು ಒಂದೇ ರಾಜ್ಯದಲ್ಲಿ ಬಾಳಿಸುವ ಬಗೆ ಯಾವುದೆಂಬ ಮಾತು ಬಂದಾಗಲೆಲ್ಲ ಆಟೋಮನ್ ತುರ್ಕರ ಉದಾಹರಣೆ ಬರುತ್ತದೆ. ಅದು ಕೇವಲ ಕತ್ತಿಯ ದೊರೆತನವೆಂದು ಕೆಲವರು ಹಳಿಯುತ್ತಾರೆ. ಸರ್ವಮತ ಸಹನೆಯ ಸುವರ್ಣಯುಗವೆಂದು ಕೆಲವರು ಹೊಗಳುತ್ತಾರೆ. ಎರಡೂ ಅರಮನೆಯ ಬಾಗಿಲಲ್ಲಿ ನಿಂತು ನೋಡಿದ ನೋಟ. ಹೊಲದ ಬದುವಿನ ಮೇಲೆ ನಿಂತವರಿಗೆ ಕಾಣುವುದೇ ಬೇರೆ. ಈ ಸಾಮ್ರಾಜ್ಯ ನಮಗೆ ತೀರ ಅಪರಿಚಿತವೂ ಅಲ್ಲ. ಅದರ ಸುಲ್ತಾನ ಖಲೀಫನೂ ಆಗಿದ್ದುದರಿಂದಲೇ 1919ರಿಂದ 1924ರವರೆಗೆ ನಮ್ಮ ದೇಶದಲ್ಲಿ ಖಿಲಾಫತ್ ಚಳವಳಿ ನಡೆಯಿತು. ಆರು ಶತಮಾನ ಬಾಳಿ 1922ರಲ್ಲಿ ಅಳಿದ ಆ ದೊರೆತನದ ಕಥೆಯಲ್ಲಿ ದುಡಿಯುವ ಜನ ಅರಿಯತಕ್ಕ ಪಾಠವೊಂದಿದೆ.

ಮೊದಲು ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದ ಎರಡನೆಯ ಮೆಹ್ಮದ್ ಮರುವರ್ಷವೇ ಗ್ರೀಕ್ ಕ್ರೈಸ್ತರಿಗೆ ಗೆನ್ನಾಡಿಯೋಸ್ ಎಂಬ ಧರ್ಮಗುರುವನ್ನು ಪಟ್ಟಕ್ಕೆ ಕೂರಿಸಿದ. 1492ರಲ್ಲಿ ಸ್ಪೇನಿನ ಕ್ರೈಸ್ತ ದೊರೆಗಳು ಯಹೂದ್ಯರನ್ನು ಹೊರದೂಡಿದಾಗ ಅವರಲ್ಲಿ ಬಹುಮಂದಿಗೆ ಆಶ್ರಯ ಕೊಟ್ಟವನು ಸುಲ್ತಾನ ಎರಡನೆಯ ಬಾಯಜೀದ್. ಅವರ ನೆಲೆಯಾದ ಸಲೋನಿಕ ಕಾಲಕ್ರಮದಲ್ಲಿ ಯಹೂದ್ಯರೇ ಹೆಚ್ಚಾಗಿರುವ ಪಟ್ಟಣವಾಯಿತು. ಮದುವೆ, ಉತ್ತರಾಧಿಕಾರ, ಶಾಲೆ ಇವನ್ನೆಲ್ಲ ಆಯಾ ಮತದವರೇ ನಡೆಸಿಕೊಳ್ಳಬಹುದಾಗಿತ್ತು. ಇಂಥ ಸಮುದಾಯಕ್ಕೆ ಮುಂದೆ ಮಿಲ್ಲತ್ ಎಂಬ ಹೆಸರು ನಿಂತಿತು. ಮತಭೇದಕ್ಕಾಗಿ ಜನರನ್ನು ಸುಡುತ್ತಿದ್ದ ಆ ಕಾಲದ ಯೂರೋಪಿನ ಮುಂದೆ ಇದು ಸಣ್ಣ ಮಾತಲ್ಲ.

ಆದರೆ ಸಹನೆಯೆಂಬುದು ಕೊಡುವವನ ಕೈಯಲ್ಲಿರುವ ವಸ್ತು. ಕ್ರೈಸ್ತ, ಯಹೂದ್ಯ ಗಂಡಸರು ತಲೆಗಂದಾಯವಾದ ಜಿಜಿಯಾ ತೆರಬೇಕಾಗಿತ್ತು. ಷರೀಯತ್ ನ್ಯಾಯಾಲಯದಲ್ಲಿ ಮುಸಲ್ಮಾನನ ವಿರುದ್ಧ ಅವರ ಸಾಕ್ಷ್ಯ ನಡೆಯುತ್ತಿರಲಿಲ್ಲ. ಬಾಲ್ಕನ್ ಹಳ್ಳಿಗಳಿಂದ ಕ್ರೈಸ್ತ ಹುಡುಗರನ್ನು ಎಳೆದೊಯ್ದು, ಮತಾಂತರಿಸಿ, ಸೈನ್ಯಕ್ಕೂ ಅರಮನೆಗೂ ಸೇರಿಸುವ ದೇವ್‌ಷಿರ್ಮೆ ಪದ್ಧತಿ ಹದಿನೇಳನೆಯ ಶತಮಾನದವರೆಗೂ ನಡೆಯಿತು. ಹಾಗೆ ಹೋದ ಸರ್ಬಿಯನ್ ಹುಡುಗನೊಬ್ಬ ಸೊಕೊಲ್ಲು ಮೆಹ್ಮದ್ ಪಾಷಾ ಎನಿಸಿ 1565ರಿಂದ 1579ರವರೆಗೆ ಸಾಮ್ರಾಜ್ಯದ ಪ್ರಧಾನ ವಜೀರನಾಗಿದ್ದ. ಒಬ್ಬ ವಜೀರನಾದನೆಂದು ಮಗನನ್ನು ಕಳೆದುಕೊಂಡ ಸಾವಿರ ತಾಯಂದಿರ ಲೆಕ್ಕ ಚುಕ್ತಾ ಆಗುವುದಿಲ್ಲ.

ಇನ್ನು ಸಮುದಾಯಗಳಿಗೆ ದೊರೆತ ಸ್ವಾತಂತ್ರ್ಯ. ಅದು ದೊರೆತದ್ದು ಜನರಿಗಲ್ಲ, ಜನರ ಹೆಸರಿನಲ್ಲಿ ಮಾತನಾಡುವ ಗುರುಗಳಿಗೆ. ಗ್ರೀಕ್ ಧರ್ಮಗುರುವಿನ ಪಟ್ಟಕ್ಕೆ ಅರಮನೆಗೆ ಕಾಣಿಕೆ ಸಲ್ಲಬೇಕು. ಆ ಹಣವನ್ನು ಗುರು ಬಿಷಪ್ಪರಿಂದ ವಸೂಲು ಮಾಡುವನು. ಬಿಷಪ್ಪರು ಹಳ್ಳಿಯಿಂದ ಎತ್ತುವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಷ್ಟೇ ನಿಜವೇ? 1766ರಲ್ಲಿ ಸರ್ಬಿಯನ್ನರ ಪೆಚ್ ಗುರುಪೀಠವನ್ನೂ 1767ರಲ್ಲಿ ಓಹ್ರಿಡ್ ಪೀಠವನ್ನೂ ಮುಚ್ಚಿ ಕಾನ್‌ಸ್ಟಾಂಟಿನೋಪಲಿನ ಕೈಕೆಳಗೆ ತಂದರು. ಒಂದೇ ಮತದವರೆಂಬ ಕಾರಣಕ್ಕೆ ಬಲ್ಗೇರಿಯದ ರೈತ ಗ್ರೀಕ್ ಬಿಷಪ್ಪನ ಅಧೀನನಾಗಿ, ತನಗೆ ತಿಳಿಯದ ಗ್ರೀಕ್ ನುಡಿಯ ಪೂಜೆಗೆ ಕೈಮುಗಿಯಬೇಕಾಯಿತು. 1870ರಲ್ಲಿ ತಮ್ಮದೇ ಗುರುಪೀಠವನ್ನು ಪಡೆಯಲು ಬಲ್ಗೇರಿಯನ್ನರು ಸುಲ್ತಾನನ ಅಧಿಕಾರಿಗಳೊಡನೆ ಮಾತ್ರವಲ್ಲ, ತಮ್ಮ ಮತದ ಹಿರಿಯರೊಡನೆಯೇ ಹೋರಾಡಬೇಕಾಯಿತು.

ತೆರಿಗೆಯ ವಿಷಯಕ್ಕೆ ಬಂದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಆರಂಭದ ಕಾಲದಲ್ಲಿ ಹಳ್ಳಿಯ ಮನೆ, ಹೊಲ, ಬೆಳೆಗಳನ್ನು ದಫ್ತರಗಳಲ್ಲಿ ಬರೆದು, ಕಂದಾಯವನ್ನು ಗೊತ್ತುಮಾಡಿ, ಅದನ್ನು ಎತ್ತುವ ಹಕ್ಕನ್ನು ಸಿಪಾಯಿ ಸವಾರನಿಗೆ ಕೊಡುತ್ತಿದ್ದರು. ಯುದ್ಧದ ಖರ್ಚು ಏರಿದಂತೆ ಕಂದಾಯವನ್ನು ಇಜಾರೆಗೆ ಹರಾಜು ಹಾಕುವುದು ಹೆಚ್ಚಾಯಿತು. 1695ರಲ್ಲಿ ಇಜಾರೆಯನ್ನು ಜೀವಾವಧಿಗೇ ಮಾರುವ ಪದ್ಧತಿ ಬಂತು. ಇಲ್ಲಿನ ಕೂಟವನ್ನು ಗಮನಿಸಿರಿ: ಇಜಾರೆ ಹಿಡಿಯುವವನು ಸಾಮಾನ್ಯವಾಗಿ ಮುಸಲ್ಮಾನ ಪಾಷಾ, ಅವನಿಗೆ ಸಾಲ ಕೊಡುವವನು ಆರ್ಮೀನಿಯನ್, ಗ್ರೀಕ್ ಅಥವಾ ಯಹೂದ್ಯ ಸಾಹುಕಾರ, ಹೊರೆ ಹೊರುವವರು ಎಲ್ಲ ಮತಗಳ ರೈತರು. ಮುಸಲ್ಮಾನ ರೈತನಿಗೆ ಜಿಜಿಯಾ ಇರಲಿಲ್ಲ ನಿಜ. ಆದರೆ ಬೆಳೆಯ ಪಾಲು ಅವನೂ ಕೊಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕಡ್ಡಾಯ ಸೈನ್ಯಭರ್ತಿ ಬಂದಾಗ ಸಾಯಲು ಹೋದವನೂ ಅವನೇ. ಮೇಲಿನವರು ಮತಭೇದ ಮರೆತು ಕೂಡಿ ಉಣ್ಣುತ್ತಿದ್ದರು. ಕೆಳಗಿನವರು ಮಾತ್ರ ಬೇರೆ ಬೇರೆ ಪಂಕ್ತಿಗಳಲ್ಲಿ ಹಸಿದು ಕೂತಿದ್ದರು.

1839ರ ಗುಲ್‌ಹಾನೆ ಶಾಸನ ಎಲ್ಲ ಪ್ರಜೆಗಳಿಗೂ ಪ್ರಾಣ, ಮಾನ, ಆಸ್ತಿಗಳ ರಕ್ಷಣೆಯನ್ನು ಸಾರಿ, ಇಜಾರೆಯನ್ನು ನಿಲ್ಲಿಸುವ ಮಾತು ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಬೊಕ್ಕಸ ಬರಿದಾಗಿ ಇಜಾರೆ ಮರಳಿ ಬಂತು. 1856ರ ಶಾಸನ ಮತಗಳ ಸಮಾನತೆಯನ್ನು ಇನ್ನಷ್ಟು ಬಿಚ್ಚಿ ಹೇಳಿತು. ಜಿಜಿಯಾ ಹೋಗಿ, ಸೈನ್ಯಸೇವೆಗೆ ಬದಲು ಎಂಬ ಹೆಸರಿನ ತೆರಿಗೆ ಬಂತು. ಕಾಗದದ ಮೇಲೆ ಸಮಾನತೆ ಬಂದರೂ ಹೊಲದಲ್ಲಿ ಹಳೆಯ ಒಡೆಯನೇ ಉಳಿದ.

ಆ ಮಾತನ್ನು ನಿಜವೆಂದು ನಂಬಿದವರು ಲೆಬನಾನ್ ಬೆಟ್ಟದ ಕಿಸ್ರವಾನ್ ಸೀಮೆಯ ರೈತರು. ಅವರು ಮರೋನೈಟ್ ಕ್ರೈಸ್ತರು. ಅವರ ಒಡೆಯರಾದ ಖಾಜಿನ್ ಮನೆತನದ ಶೇಕ್‌ಗಳೂ ಅದೇ ಮತದವರು. 1858ರ ಕೊನೆಯಲ್ಲಿ ತಾನ್ಯೂಸ್ ಶಾಹೀನ್ ಎಂಬ ಕಮ್ಮಾರನ ಮುಂದಾಳುತನದಲ್ಲಿ ರೈತರು ಎದ್ದು, ಮರುವರ್ಷ ಶೇಕ್‌ಗಳನ್ನು ಸೀಮೆಯಿಂದಲೇ ಓಡಿಸಿದರು. ಮದುವೆಗೆ ಶುಲ್ಕ, ಹಬ್ಬಕ್ಕೆ ಕಾಣಿಕೆ, ಬಿಟ್ಟಿ ದುಡಿತ ಇವು ನಿಲ್ಲಬೇಕೆಂಬುದು ಅವರ ಬೇಡಿಕೆ. ಇದು ಮತದ ಜಗಳವಲ್ಲ, ಹೊಲದ ಜಗಳ. ಆದರೆ ಪಕ್ಕದ ಸೀಮೆಗಳಲ್ಲಿ ಕ್ರೈಸ್ತ ರೈತರ ಒಡೆಯರು ದ್ರೂಸ್ ಮತದವರಾಗಿದ್ದರು. ಅಲ್ಲಿಗೆ ಕಿಡಿ ಹಾರಿದಾಗ ಒಡೆಯರು ದ್ರೂಸ್ ರೈತರನ್ನು ಮತದ ಹೆಸರಿನಲ್ಲಿ ಕೂಡಿಸಿದರು. ಇತ್ತ ಶಾಹೀನನ ಬಾವುಟವೂ ಕ್ರೈಸ್ತ ಬಾವುಟವಾಯಿತು. 1860ರಲ್ಲಿ ಸಾವಿರಾರು ಜನ ಕೊಲೆಯಾದರು. ಬೆಂಕಿ ದಮಾಸ್ಕಸಿಗೂ ಹಬ್ಬಿತು. ಅಲ್ಲಿ ಕ್ರೈಸ್ತರನ್ನು ಕಾಯ್ದವರಲ್ಲಿ ಮುಂದಾಳು, ಅಲ್ಜೀರಿಯದಿಂದ ಬಂದು ನೆಲೆಸಿದ್ದ ಮುಸಲ್ಮಾನ ವೀರ ಅಬ್ದುಲ್ ಖಾದಿರ್.

1861ರಲ್ಲಿ ಸುಲ್ತಾನನ ಸರ್ಕಾರವೂ ಯೂರೋಪಿನ ರಾಜ್ಯಗಳೂ ಕೂಡಿ ಏನು ಮಾಡಿದವು? ಒಡೆಯರ ವಿಶೇಷ ಹಕ್ಕುಗಳನ್ನು ಶಾಸನದಲ್ಲಿ ಅಳಿಸಿ, ಬೆಟ್ಟದ ಆಡಳಿತ ಸಭೆಯ ಹನ್ನೆರಡು ಸ್ಥಾನಗಳನ್ನು ಮತವಾರು ಹಂಚಿದವು. ರೈತನ ಪ್ರಶ್ನೆ ಮತದ ಪ್ರಶ್ನೆಯಾಗಿ ಕಡತ ಸೇರಿತು. ಇಂದಿಗೂ ಲೆಬನಾನಿನಲ್ಲಿ ಅಧ್ಯಕ್ಷ ಮರೋನೈಟ್, ಪ್ರಧಾನಿ ಸುನ್ನಿ, ಸಭಾಧ್ಯಕ್ಷ ಷಿಯಾ ಆಗಬೇಕೆಂಬ ಕಟ್ಟು ಇದೆ.

ಬೇರೆ ದಾರಿ ಇರಲೇ ಇಲ್ಲವೆ? ಇತ್ತು. 1908ರ ಕ್ರಾಂತಿಯ ನಂತರ, 1909ರಲ್ಲಿ, ಸಲೋನಿಕದಲ್ಲಿ ಅವ್ರಾಮ್ ಬೆನರೋಯಾ ಮತ್ತು ಅವನ ಸಂಗಾತಿಗಳು ಸಮಾಜವಾದಿ ಕಾರ್ಮಿಕ ಒಕ್ಕೂಟವನ್ನು ಕಟ್ಟಿದರು. ತುರ್ಕಿ, ಗ್ರೀಕ್, ಬಲ್ಗೇರಿಯನ್ ಮತ್ತು ಯಹೂದ್ಯರ ಲಾದಿನೋ, ಈ ನಾಲ್ಕು ಭಾಷೆಗಳಲ್ಲಿ ಕಾರ್ಮಿಕ ಪತ್ರಿಕೆಯನ್ನು ಹೊರಡಿಸಿದರು. ಯಾವ ಸುಲ್ತಾನನೂ ಕೊಡದ ಐಕ್ಯವನ್ನು ಹೊಗೆಸೊಪ್ಪಿನ ಕಾರ್ಮಿಕರು ತಾವೇ ಕಟ್ಟತೊಡಗಿದ್ದರು. ಹೊಸ ಸರ್ಕಾರ ಅದೇ ವರ್ಷ ಮುಷ್ಕರಗಳಿಗೆ ಕಡಿವಾಣ ಹಾಕುವ ಕಾನೂನು ತಂದಿತು. ಮುಂದೆ ಯುದ್ಧಗಳು ಬಂದವು. 1915ರಲ್ಲಿ ಆರ್ಮೀನಿಯನ್ನರನ್ನು ಊರು ಬಿಡಿಸಿ ಮರುಭೂಮಿಗೆ ಅಟ್ಟಿ ಲಕ್ಷಾಂತರ ಮಂದಿಯನ್ನು ಕೊಂದರು. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ಪ್ರಜೆಗಳನ್ನು ವಿನಿಮಯ ಮಾಡಿಕೊಂಡಾಗ ಮತವೊಂದೇ ಅಳತೆಗೋಲು: ತುರ್ಕಿ ಮಾತನಾಡುವ ಕ್ರೈಸ್ತ ಗ್ರೀಸಿಗೆ, ಗ್ರೀಕ್ ಮಾತನಾಡುವ ಮುಸಲ್ಮಾನ ತುರ್ಕಿಗೆ.

ಅಲ್ಪಸಂಖ್ಯಾತರಿಗೆ ರಕ್ಷಣೆ ಬೇಡವೆಂಬುದು ನಮ್ಮ ವಾದವಲ್ಲ, ಖಂಡಿತ ಬೇಕು. ಆದರೆ ಆ ರಕ್ಷಣೆ ಪ್ರಜೆಯ ಹಕ್ಕಾಗಿ ಬರಬೇಕೇ ಹೊರತು ಆಳುವವನ ದಯೆಯಾಗಿ ಅಲ್ಲ, ಮತದ ಹಿರಿಯರಿಗೆ ಕೊಟ್ಟ ಇಜಾರೆಯಾಗಿ ಅಲ್ಲ. ದಯೆಯಿಂದ ಕೊಟ್ಟದ್ದನ್ನು ದಯೆ ಬತ್ತಿದ ದಿನ ಕಿತ್ತುಕೊಳ್ಳುತ್ತಾರೆ. ಯಾವ ಮತದ, ಯಾವ ಜಾತಿಯ ಮುಖಂಡನೇ ಆಗಲಿ, ನಾವೆಲ್ಲ ಒಂದೇ ಎಂದು ಕೈಬೀಸಿ ಕರೆದಾಗ ರೈತರೂ ಕಾರ್ಮಿಕರೂ ಕೇಳಬೇಕಾದ ಪ್ರಶ್ನೆ ಕಿಸ್ರವಾನಿನ ಕಮ್ಮಾರ ಮೊದಲು ಕೇಳಿದ ಪ್ರಶ್ನೆಯೇ: ಹೊಲ ಯಾರದು? ಹೊರೆ ಯಾರ ತಲೆಯ ಮೇಲೆ?